‘ಏನಂತ ಬರ್ದವ್ರೆ ಮಗಾ?’

ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ಕಲಿಸಲು ಅಮ್ಮನಿಗೆ ಇಂಗ್ಲಿಷ್ ಬರಲೇಬೇಕೆ? ಬೇಕಿಲ್ಲ. ಓದಲು ಕೈಗೆ ಸಿಕ್ಕಿದ್ದೊಂದು, ಬರೆಯಲು ಒಂದು ಕಾರಣ, ಕನ್ನಡದಲ್ಲಿ ಅರ್ಥ ಕೇಳುವ ಒಂದು ಪ್ರಶ್ನೆ, ಇಷ್ಟಿದ್ದರೆ ಮನೆಯ ಜಗಲಿಯೇ ಕ್ಲಾಸು. ಪಿರಿಯಾಪಟ್ಟಣದ ಕೊಪ್ಪದಿಂದ ಎಚ್.ಡಿ. ಕೋಟೆಯವರೆಗೆ, ಕುಕ್ಕರಹಳ್ಳಿ ಕೆರೆಯಿಂದ ಫಿಜಿ ದ್ವೀಪದವರೆಗೆ ಇದಕ್ಕೆ ಸಾಕ್ಷಿಗಳಿವೆ.

ದಸರಾ ರಜೆಯ ಒಂದು ಭಾನುವಾರ. ಮೈಸೂರಿನ ದಸರಾ ನೋಡಿದವರು ಮಡಿಕೇರಿಯ ಕಡೆಗೆ, ಮಡಿಕೇರಿಯವರು ಮೈಸೂರಿನ ಕಡೆಗೆ. ಎಲ್ಲರೂ ಹಾಯುವುದು ಇದೇ ಹೆದ್ದಾರಿಯನ್ನು. ಇನ್ನೇನು ಕಾವೇರಿ ದಾಟಿ ಕುಶಾಲನಗರ ಸೇರಬೇಕು ಅನ್ನುವಾಗ ಸಿಗುವ ಊರು ಕೊಪ್ಪ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗುವ ಕಾರುಗಳು ಇಲ್ಲಿ ಸಾಲುಗಟ್ಟಿ ಎಡಕ್ಕೆ ಹೊರಳುತ್ತವೆ.

ಆ ತಿರುವಿನ ಬದಿಯಲ್ಲಿ ಮುಸುಕಿನ ಜೋಳ ಸುಡುವ ಒಂದು ತಳ್ಳುಗಾಡಿ. ತಾಯಿ ಕೆಂಡಕ್ಕೆ ಗಾಳಿ ಬೀಸುತ್ತಿದ್ದರು. ಬೋರಲು ಹಾಕಿದ ಕ್ರೇಟಿನ ಮೇಲೆ ಒಂಬತ್ತೋ ಹತ್ತೋ ವರ್ಷದ ಮಗಳು. ಅವಳು ಗಾಡಿಗಳನ್ನು ನೋಡುತ್ತಿರಲಿಲ್ಲ, ಓದುತ್ತಿದ್ದಳು. ಕೆ ಎಲ್ ಅಂದರೆ ಕೇರಳ. ಟಿ ಎನ್ ಅಂದರೆ ತಮಿಳುನಾಡು. ಅಷ್ಟರಲ್ಲಿ ಒಂದು ಲಾರಿ ತಿರುವಿನಲ್ಲಿ ನಿಧಾನಿಸಿತು.

‘ಸೌಂಡ್ ಹಾರ್ನ್’ ಎಂದು ಹುಡುಗಿ ಗಟ್ಟಿಯಾಗಿ ಓದಿದಳು.

‘ಏನಂತ ಬರ್ದವ್ರೆ ಮಗಾ?’ ತಾಯಿ ಕೆಂಡದ ಮೇಲಿನ ಕಣ್ಣು ತೆಗೆಯದೆ ಕೇಳಿದರು.

‘ಹಾರ್ನ್ ಹೊಡೀರಿ ಅಂತ.’

‘ಸೌಂಡ್ ಅಂದ್ರೆ ಸದ್ದಲ್ವಾ?’

ಹುಡುಗಿ ತಡೆದಳು. ಲಾರಿ ಮುಂದೆ ಹೋಯಿತು. ಜೋಳದ ಎರಡು ತೆನೆ ಮಾರಾಟವಾದವು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ ಅಂದಳು: ‘ಸದ್ದು ಮಾಡು ಅನ್ನೋಕೂ ಸೌಂಡೇ ಅಂತಾರೆ ಅನ್ಸತ್ತೆ.’

ಒಂದೇ ಪದ ಒಮ್ಮೆ ನಾಮಪದವಾಗಿ, ಇನ್ನೊಮ್ಮೆ ಕ್ರಿಯಾಪದವಾಗಿ ನಿಲ್ಲುವುದು ಇಂಗ್ಲಿಷಿನ ಒಂದು ಮೂಲಗುಣ. ಈ ಮಗು ಅದನ್ನು ವ್ಯಾಕರಣದ ಪುಸ್ತಕದಿಂದ ಕಲಿಯಲಿಲ್ಲ, ಲಾರಿಯ ಬೆನ್ನಿನಿಂದ ಕಲಿಯಿತು. ಕಲಿಸಿದ್ದು ಲಾರಿಯೂ ಅಲ್ಲ, ತಾಯಿ ಕೇಳಿದ ಆ ಎರಡನೆಯ ಪ್ರಶ್ನೆ. ತಾನು ಓದಿರುವುದು ಏಳನೇ ಕ್ಲಾಸಿನವರೆಗೆ, ಅದೂ ಕನ್ನಡದಲ್ಲಿ ಎಂದು ಆ ತಾಯಿ ಆಮೇಲೆ ಹೇಳಿದರು.

ಓದು ಬರುತ್ತದೆ, ಅರ್ಥ?

ಬೆಳಗ್ಗೆ ಎಂಟರ ಹೊತ್ತಿಗೆ ಈ ಸೀಮೆಯ ಯಾವ ಹಳ್ಳಿಯ ರಸ್ತೆಯಲ್ಲಿ ನಿಂತರೂ ಹಳದಿ ಬಣ್ಣದ ಸ್ಕೂಲ್ ವ್ಯಾನು ಕಾಣುತ್ತದೆ. ಪಿರಿಯಾಪಟ್ಟಣ, ಹುಣಸೂರು, ಕುಶಾಲನಗರಗಳ ಇಂಗ್ಲಿಷ್ ಮೀಡಿಯಂ ಶಾಲೆಗಳಿಗೆ ಮಕ್ಕಳು ಹೋಗುತ್ತಾರೆ. ಹೊಗೆಸೊಪ್ಪಿನ ಹರಾಜಿನ ದುಡ್ಡು ಬಂದಾಗ ಮೊದಲು ತೀರುವ ಬಾಕಿಗಳಲ್ಲಿ ಶಾಲೆಯ ಫೀಸೂ ಒಂದು. ಯಾವ ತಂದೆತಾಯಿಯನ್ನೂ ಇದಕ್ಕಾಗಿ ದೂರಬಾರದು. ಇಂಗ್ಲಿಷ್ ಬಾರದ್ದರಿಂದ ತಾವು ಎಲ್ಲೆಲ್ಲಿ ತಲೆ ತಗ್ಗಿಸಿ ನಿಂತೆವು ಎಂಬುದು ಅವರಿಗೆ ಗೊತ್ತು.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2007–08ರಿಂದ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಹಾಗಿದ್ದೂ ಎಲ್ಲೋ ಒಂದು ಕಡೆ ಎಳೆ ತಪ್ಪಿದೆ. 2023ರ ‘ಅಸರ್’ ಸಮೀಕ್ಷೆ ದೇಶದ 26 ರಾಜ್ಯಗಳ ಗ್ರಾಮೀಣ ಪ್ರದೇಶದಲ್ಲಿ 14ರಿಂದ 18 ವರ್ಷದವರನ್ನು ಕೂರಿಸಿ ಇಂಗ್ಲಿಷ್ ವಾಕ್ಯ ಓದಿಸಿತು. ಓದಬಲ್ಲವರು ನೂರಕ್ಕೆ 57 ಮಂದಿ. ಹಾಗೆ ಓದಿದವರಲ್ಲೂ ಅರ್ಥ ಹೇಳಬಲ್ಲವರು ಮುಕ್ಕಾಲು ಪಾಲಿನಷ್ಟೇ. ಉಳಿದವರ ಬಾಯಲ್ಲಿ ಇಂಗ್ಲಿಷ್ ಬರಿಯ ಸದ್ದಾಗಿತ್ತು.

ಆ ಉಳಿದವರ ಬಗ್ಗೆ ಯೋಚಿಸಿದಾಗ ನನ್ನ ಶಾಲಾ ದಿನಗಳು ನೆನಪಾಗುತ್ತವೆ. ‘ದಿ ಕೌ’ ಎಂಬ ಪ್ರಬಂಧವನ್ನು ನಾವು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆವು. ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು. ಮನೆಯ ಕೊಟ್ಟಿಗೆಯಲ್ಲಿ ನಿಜವಾದ ಹಸು ಇತ್ತು, ಅದಕ್ಕೊಂದು ಹೆಸರಿತ್ತು, ಒದೆಯುವ ಚಾಳಿಯೂ ಇತ್ತು. ಅದರ ಬಗ್ಗೆ ಸ್ವಂತದ್ದೊಂದು ವಾಕ್ಯ ಬರೆ ಎಂದು ಯಾರೂ ಹೇಳಲಿಲ್ಲ. ಹತ್ತು ವರ್ಷ ಇಂಗ್ಲಿಷ್ ಓದಿದ ಮೇಲೂ ‘ನಮ್ಮ ಹಸು ಒದೆಯುತ್ತದೆ’ ಎಂದು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ.

ರಸ್ತೆಯಾಚೆಯ ನೆರೆಯವರು

ಕೊಪ್ಪದ ತಿರುವಿನಿಂದ ಒಳಗೆ ಹೋದರೆ ಟಿಬೆಟನ್ನರ ಶಿಬಿರಗಳು. ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ 1961ರಲ್ಲಿ ಮೊದಲ ವಸತಿ ಶುರುವಾಯಿತು. ಕಾಡು ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದು ಬದುಕು ಕಟ್ಟಿಕೊಂಡವರು ಅವರು. ಅವರ ಅಂಗಡಿಗಳಲ್ಲಿ ಇಂದು ಟಿಬೆಟನ್, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕೂ ಒಂದೇ ಉಸಿರಿನಲ್ಲಿ ಕೇಳುತ್ತವೆ.

ನೆಲ ಬಿಟ್ಟು ಬಂದ ಜನ. ಹೊರದೇಶಗಳಿಗೆ ಚದುರಿಹೋಗುವ ಮಕ್ಕಳು. ಇಂಗ್ಲಿಷಿನ ಅವಸರ ಇವರಿಗಿಂತ ಹೆಚ್ಚು ಯಾರಿಗಿರಲು ಸಾಧ್ಯ? ಆದರೂ ದೇಶಾಂತರದ ಟಿಬೆಟನ್ನರು 2004ರಲ್ಲಿ ಒಪ್ಪಿಕೊಂಡ ಮೂಲ ಶಿಕ್ಷಣ ನೀತಿ ಎಳೆಯ ಮಕ್ಕಳ ಕಲಿಕೆಗೆ ಟಿಬೆಟನ್ ಭಾಷೆಯೇ ಅಡಿಪಾಯ ಎನ್ನುತ್ತದೆ. ಮೊದಲು ತಮ್ಮ ನುಡಿಯಲ್ಲಿ ಓದು ಗಟ್ಟಿಯಾಗಲಿ, ಇಂಗ್ಲಿಷ್ ಅದರ ಮೇಲೆ ಕೂರುತ್ತದೆ ಎಂಬುದು ಅಲ್ಲಿನ ವಿಚಾರ.

ಕನ್ನಡದ ಮನೆಗಳಿಗೂ ಅದೇ ಮಾತು ಸಲ್ಲುತ್ತದೆ. ಕನ್ನಡದಲ್ಲಿ ಒಂದು ಕತೆ ಓದಿ ‘ಆಮೇಲೇನಾಯ್ತು’ ಎಂದು ಊಹಿಸಬಲ್ಲ ಮಗು ಇಂಗ್ಲಿಷ್ ಕತೆಯಲ್ಲೂ ಊಹಿಸುತ್ತದೆ. ಆ ಬುದ್ಧಿಯನ್ನು ಎರಡು ಸಲ ಕಲಿಯಬೇಕಾಗಿಲ್ಲ. ಅಮ್ಮನಿಗೆ ಬಾರದ ಇಂಗ್ಲಿಷನ್ನು ಕಷ್ಟಪಟ್ಟು ಆಡಿಸಿ, ಅವಳಿಗೆ ಚೆನ್ನಾಗಿ ಬರುವ ಕನ್ನಡವನ್ನು ಮನೆಯೊಳಗೇ ನಿಲ್ಲಿಸಿಬಿಡುವುದು ಮಗುವಿಗೆ ಎರಡು ಕಡೆಯಿಂದಲೂ ನಷ್ಟ. ಮಗುವಿನ ಸಂಗಡ ಮಾತಾಡಬೇಕಾದ್ದು ತಾಯಿಗೆ ಬರುವ, ಭಾವ ತುಂಬಿದ, ಗಾದೆ-ಒಗಟುಗಳಿರುವ ಭಾಷೆಯಲ್ಲೇ.

ಕೋಟೆಯಲ್ಲಿ ಹುಟ್ಟಿದ ಮೆಟ್ಟಿಲು

ಕೊಪ್ಪದ ಜಿಲ್ಲೆಯಲ್ಲೇ, ಕಬಿನಿಯ ದಂಡೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ ಒಂದು ಸಣ್ಣ ಕ್ರಾಂತಿ ನಡೆಯಿತು. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರು-ಮೇಡಂಗಳು, ಯುನಿಸೆಫ್ ನೆರವಿನಿಂದ, ತಮ್ಮ ಕೈಯಾರೆ ಕಾರ್ಡು ಬರೆದು ‘ನಲಿ-ಕಲಿ’ ಆರಂಭಿಸಿದರು. 2009–10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು.

ನಲಿ-ಕಲಿ ಕೋಣೆಯೊಳಗೆ ಹೋದವರಿಗೆ ಗೊತ್ತು. ಬೆಂಚಿಲ್ಲ, ನೆಲದ ಮೇಲೆ ದುಂಡಗೆ ಕೂರುವ ‘ತಟ್ಟೆ’ಗಳು. ಮಕ್ಕಳ ಕೈಗೆಟಕುವ ಎತ್ತರಕ್ಕೆ ಗೋಡೆಯ ಸುತ್ತ ಕರಿಹಲಗೆ. ತಲೆಯ ಮೇಲೆ ಮಕ್ಕಳೇ ಬರೆದದ್ದು, ಬಿಡಿಸಿದ್ದು ನೇತಾಡುವ ‘ಚಪ್ಪರ’. ಒಬ್ಬೊಬ್ಬರೂ ತಮ್ಮ ಮೆಟ್ಟಿಲನ್ನು ತಾವೇ ಹತ್ತುತ್ತಾರೆ.

ನನಗೆ ತುಂಬ ಹಿಡಿಸಿದ್ದು ಅಕ್ಷರ ಕಲಿಸುವ ಕ್ರಮ. ಅ ಆ ಇ ಈ ಎಂದು ಸಾಲಾಗಿ ಹೋಗುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಆ ಹೊತ್ತಿಗೇ ಮಗು ಸರ, ಅಗಸ, ಅರಸ, ಗರಗಸ ಎಂದು ಓದುತ್ತದೆ. ಅಕ್ಷರ ಕೈಗೆ ಬರುವ ಮೊದಲ ವಾರವೇ ಅರ್ಥವೂ ಬಂತು.

ಇಂಗ್ಲಿಷಿಗೂ ಇದನ್ನೇ ಮಾಡಬಹುದು. ಎ ಬಿ ಸಿ ಡಿ ಪೂರ್ತಿ ಕಂಠಪಾಠವಾಗಲಿ ಎಂದು ಕಾಯಬೇಕಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳನ್ನು ಹೆಸರಿನಿಂದಲ್ಲ, ಸದ್ದಿನಿಂದ ಕಲಿಸಿದರೆ ಪಿನ್, ಟಿನ್, ಪ್ಯಾನ್, ಟ್ಯಾಪ್ ಓದಬಹುದು. ಎಲ್ಲವೂ ಅಡುಗೆಮನೆ, ಬಚ್ಚಲಲ್ಲೇ ಇರುವ ವಸ್ತುಗಳು. ಮಗು ಪದವನ್ನು ಓದಿ ಓಡಿಹೋಗಿ ವಸ್ತುವನ್ನು ಮುಟ್ಟಿ ಬರಲಿ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದರೆ ಬೇಕಾದಷ್ಟು ಕಾರ್ಡು.

ಒಂದು ಎಚ್ಚರ. ಕನ್ನಡದ ಕಾಗುಣಿತ ನಂಬಿಕಸ್ಥ, ಬರೆದಂತೆ ಓದಿದರೆ ಆಯಿತು. ಆ ನಂಬಿಕೆಯಲ್ಲಿ ಬೆಳೆದ ಮಗು ಇಂಗ್ಲಿಷಿನ ನೈಫ್ ಪದವನ್ನು ‘ಕ್ನೈಫ್’ ಎಂದು ಓದುತ್ತದೆ, ಬಟ್ ಬಂದಮೇಲೆ ಪುಟ್ ಅನ್ನು ‘ಪಟ್’ ಎನ್ನುತ್ತದೆ. ದಯವಿಟ್ಟು ನಗಬೇಡಿ. ಮಗು ದಡ್ಡತನದಿಂದ ಹಾಗೆ ಓದುತ್ತಿಲ್ಲ, ಕಲಿತ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸುತ್ತಿದೆ. ‘ಇದೊಂದು ಪದ ಹಟಮಾರಿ, ನೆನಪಿಟ್ಕೊ’ ಎಂದರೆ ಸಾಕು. ಹಟಮಾರಿ ಪದಗಳಿಗೆಂದೇ ಗೋಡೆಯಲ್ಲಿ ಒಂದು ಜಾಗ ಮಾಡಿದ ಮನೆಗಳ ಮಕ್ಕಳು ಅವನ್ನು ಆಟದಂತೆ ಹಿಡಿದು ತರುತ್ತಾರೆ.

ಬಾಕ್ಸ್ | ಬಣ್ಣದಲ್ಲೂ ಒಂದು ಪಾಠ

ಶುಂಠಿ, ಜೋಳ, ಹೊಗೆಸೊಪ್ಪು ಬೆಳೆಯುವ ಪ್ರತಿ ಮನೆಗೂ ಔಷಧಿಯ ಡಬ್ಬ ಬರುತ್ತದೆ. ಅದರ ಮೇಲೆ ವಜ್ರಾಕಾರದ ಗುರುತು ಕಡ್ಡಾಯ. ಕೆಂಪು ಅಥವಾ ಹಳದಿ ಇದ್ದರೆ ‘ಪಾಯ್ಸನ್’, ನೀಲಿ ಇದ್ದರೆ ‘ಡೇಂಜರ್’, ಹಸಿರು ಇದ್ದರೆ ‘ಕಾಷನ್’. ವಿಷದ ತೀವ್ರತೆ ಕೆಂಪಿನಲ್ಲಿ ಅತಿ ಹೆಚ್ಚು, ಹಸಿರಿನಲ್ಲಿ ಕಡಿಮೆ. ಡಬ್ಬವನ್ನು ಮಕ್ಕಳು ಮುಟ್ಟಕೂಡದು. ಜೊತೆಗೆ ಬರುವ ಮಡಿಸಿದ ಕರಪತ್ರವನ್ನು ಹಿರಿಯರು ತೆಗೆದುಕೊಟ್ಟು ಓದಿಸಬಹುದು. ಈ ಮೂರು ಪದಗಳ ಅರ್ಥ ತಿಳಿದ ಮಗು ಮನೆಯವರ ಜೀವವನ್ನೂ ಕಾಯುತ್ತದೆ.

ಬೆಂಗಳೂರಿನ ಪ್ರಯೋಗ, ಬಸ್‌ಸ್ಟ್ಯಾಂಡಿನ ಬೋರ್ಡು

ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ದೊಡ್ಡ ಹೆಸರು. ನಮ್ಮಲ್ಲಿ ಅದನ್ನು ಬಲ್ಲವರು ಕಡಿಮೆ. ಎನ್.ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಸಿದರು. ವ್ಯಾಕರಣದ ಪಾಠವನ್ನೇ ಬದಿಗಿಟ್ಟು, ಮಕ್ಕಳ ಮುಂದೆ ಬಿಡಿಸಬೇಕಾದ ಸಮಸ್ಯೆಗಳನ್ನು ಇಟ್ಟರು. ಒಂದು ರೈಲ್ವೆ ವೇಳಾಪಟ್ಟಿ, ಒಂದು ನಕ್ಷೆ. ಯಾವ ರೈಲು ಹಿಡಿದರೆ ಬೇಗ ಸೇರಬಹುದು? ಎಲ್ಲಿಂದ ಎಲ್ಲಿಗೆ ಯಾವ ದಾರಿ?

ಮನಸ್ಸು ಅರ್ಥದ ಹಿಂದೆ ಬಿದ್ದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. 1987ರಲ್ಲಿ ಅವರ ಪುಸ್ತಕ ಬಂತು. ಕೆಲಸದ ಮೂಲಕ ಭಾಷೆ ಕಲಿಸುವ ವಿಧಾನದ ಬಗ್ಗೆ ಜಗತ್ತಿನಲ್ಲಿ ಯಾರು ಬರೆದರೂ ಬೆಂಗಳೂರಿನ ಆ ಪ್ರಯೋಗವನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಇದಕ್ಕೆ ಮನೆಯಲ್ಲಿ ಯಾವ ಖರ್ಚೂ ಇಲ್ಲ. ಬಸ್ಸಿನ ವೇಳಾಪಟ್ಟಿಯನ್ನು ಫೋನಿನಲ್ಲಿ ಫೋಟೊ ಹೊಡೆದುಕೊಂಡು ಬನ್ನಿ. ‘ನಾಳೆ ಹತ್ತು ಗಂಟೆಗೆ ಮೈಸೂರಲ್ಲಿ ಇರ್ಬೇಕು, ಎಷ್ಟೊತ್ತಿನ ಬಸ್ಸಿಗೆ ಹೋಗಾಣ?’ ಎಂದು ಕೇಳಿ. ಹರಾಜಿನ ದುಡ್ಡು ಬಂದಾಗ ತಾತನ ಫೋನಿಗೆ ಬ್ಯಾಂಕಿನ ಇಂಗ್ಲಿಷ್ ಮೆಸೇಜು ಬರುತ್ತದೆ. ‘ಕ್ರೆಡಿಟೆಡ್’ ಅಂದರೆ ಬಂತೋ ಹೋಯಿತೋ? ತಾತನಿಗೆ ಓದಿ ಹೇಳುವ ಮೊಮ್ಮಗನಿಗೆ ಆ ಪದ ಜನ್ಮದಲ್ಲಿ ಮರೆಯುವುದಿಲ್ಲ. ಯಾಕೆಂದರೆ ತಾತ ಅವನ ಮುಖವನ್ನೇ ನೋಡುತ್ತ ಕೂತಿರುತ್ತಾನೆ.

ಗೊಬ್ಬರದ ಚೀಲ, ಬಿಸ್ಕತ್ತಿನ ಪೊಟ್ಟಣ, ಮಾತ್ರೆಯ ಹಾಳೆ, ಕರೆಂಟ್ ಬಿಲ್ಲು. ಮನೆಯೊಳಗೆ ಇಂಗ್ಲಿಷಿಗೆ ಬರವಿಲ್ಲ, ‘ಅದರಲ್ಲಿ ಏನಿದೆ ನೋಡು’ ಎಂದು ಕೇಳುವವರ ಬರವಿದೆ.

ಪುಸ್ತಕದ ಹೊಳೆ

ಆದರೆ ಪೊಟ್ಟಣದ ಓದು ಪೊಟ್ಟಣದಷ್ಟೇ. ಭಾಷೆ ಬೆಳೆಯುವುದು ಕತೆಗಳಲ್ಲಿ.

1980ರ ಸುಮಾರಿಗೆ ಫಿಜಿ ದ್ವೀಪದ ಎಂಟು ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗೂಭಾಯಿ ಎಂಬ ಇಬ್ಬರು ಸಂಶೋಧಕರು ಒಂದು ಕೆಲಸ ಮಾಡಿದರು. ನಾಲ್ಕು ಮತ್ತು ಐದನೇ ತರಗತಿಯ ಕೋಣೆಗಳಿಗೆ ತಲಾ 250ರಷ್ಟು ಇಂಗ್ಲಿಷ್ ಕತೆ ಪುಸ್ತಕ ತುಂಬಿದರು. ಚಿತ್ರವಿರುವ, ಮನಸ್ಸು ಸೆಳೆಯುವ ಪುಸ್ತಕಗಳು. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಓದು. ಇಂಗ್ಲಿಷ್ ಆ ಮಕ್ಕಳ ಮನೆಮಾತಲ್ಲ. ವರ್ಷ ಕಳೆಯುವಷ್ಟರಲ್ಲಿ ಅರ್ಥ ಗ್ರಹಿಸಿ ಓದುವುದರಲ್ಲಿ ಅವರು ಸಾಮಾನ್ಯ ವೇಗದ ಎರಡು ಪಟ್ಟು ಮುಂದೆ ಹೋಗಿದ್ದರು. ಎರಡನೆಯ ವರ್ಷ ಅಳೆದಾಗಲೂ ಆ ಲಾಭ ಉಳಿದಿತ್ತು, ಬರವಣಿಗೆಗೂ ಹರಡಿತ್ತು. ಆ ಪ್ರಯೋಗಕ್ಕೆ ‘ಪುಸ್ತಕ ಪ್ರವಾಹ’ ಎಂದೇ ಹೆಸರು ಬಂತು.

250 ಪುಸ್ತಕ ಕೊಪ್ಪದ ಮನೆಗೆ ಎಲ್ಲಿಂದ ಬರಬೇಕು? ದಾರಿಯಿದೆ. ಬೆಂಗಳೂರಿನ ‘ಪ್ರಥಮ್ ಬುಕ್ಸ್’ 2004ರಲ್ಲಿ ಹುಟ್ಟಿದ ಲಾಭರಹಿತ ಪ್ರಕಾಶನ. 2015ರ ಸೆಪ್ಟೆಂಬರ್ 8ರ ಸಾಕ್ಷರತಾ ದಿನದಂದು ಅದು ‘ಸ್ಟೋರಿವೀವರ್’ ಎಂಬ ತಾಣ ತೆರೆಯಿತು. ಒಂದೇ ಕತೆ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ, ಒಂದೂ ಪೈಸೆ ಕೊಡಬೇಕಿಲ್ಲ. ಮೊದಲ ಹಂತದ ಕತೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು, ನಾಲ್ಕನೇ ಹಂತದವು ನಿರರ್ಗಳವಾಗಿ ಓದುವವರಿಗೆ.

ಓದುವ ಕ್ರಮ ಇಷ್ಟೇ. ಮೊದಲ ರಾತ್ರಿ ಕನ್ನಡದಲ್ಲಿ ಅಮ್ಮ ಓದುತ್ತಾರೆ. ಮರುದಿನ ಅದೇ ಕತೆಯನ್ನು ಮಗು ಇಂಗ್ಲಿಷಿನಲ್ಲಿ ಓದುತ್ತದೆ. ಕತೆ ಗೊತ್ತಿರುವುದರಿಂದ ಹೊಸ ಪದ ಹೆದರಿಸುವುದಿಲ್ಲ. ಪುಟಕ್ಕೆ ಐದಕ್ಕಿಂತ ಹೆಚ್ಚು ಪದ ತಡೆದರೆ ಆ ಪುಸ್ತಕ ಇನ್ನೂ ಭಾರ, ಒಂದು ಮೆಟ್ಟಿಲು ಕೆಳಗಿನದ್ದು ತೆಗೆಯಬೇಕು. ಹಗುರದ ಪುಸ್ತಕ ಓದಿದರೆ ಅವಮಾನವೇನಿಲ್ಲ. ಮಕ್ಕಳ ಓದು ಓಡಬೇಕು, ತೆವಳಬಾರದು.

ಫೋನು ಬೇಡ ಎನ್ನುವವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. ‘ಅರಿವು ಕೇಂದ್ರ’ ಎಂದು ಈಗ ಅದರ ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕವನ್ನು ಮನೆಗೆ ತರಬಹುದು. ನಮ್ಮ ಎಷ್ಟು ಮಕ್ಕಳ ಹತ್ತಿರ ಆ ಕಾರ್ಡಿದೆ? ಈ ರಜೆಯಲ್ಲಿ ಮಾಡುವ ಮೊದಲ ಕೆಲಸ ಅದಾಗಲಿ.

ಬಾಕ್ಸ್ | ನಿಘಂಟು ಮನೆಯ ಹಿರಿಯ

ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಪದಗಳು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರದು. ನೂರು ದಾಟಿ ಬಾಳಿದ ಪ್ರೊ. ಜಿ. ವೆಂಕಟಸುಬ್ಬಯ್ಯ (1913–2021) ಬದುಕನ್ನೇ ಪದಗಳಿಗೆ ಕೊಟ್ಟರು. ಮನೆಯಾಟ: ದಿನಕ್ಕೊಂದು ಇಂಗ್ಲಿಷ್ ಪದ ಹುಡುಕಿ, ಅದರ ಮೊದಲ ಕನ್ನಡ ಅರ್ಥ ಬಿಟ್ಟು ಎರಡನೆಯದನ್ನು ಊಟದ ಹೊತ್ತಿಗೆ ಹೇಳಬೇಕು. ‘ಸೌಂಡ್’ ಪದದಿಂದಲೇ ಆರಂಭಿಸಬಹುದು.

ಬರೆಯಲು ಒಂದು ಕಾರಣ ಬೇಕು

ನಾಲ್ಕು ಗೆರೆಯ ಪುಸ್ತಕದಲ್ಲಿ ದಿನಕ್ಕೊಂದು ಪುಟ ಕಾಪಿ ರೈಟಿಂಗ್. ಅಕ್ಷರ ದುಂಡಗಾಗಲು ಅದು ಬೇಕು. ಆದರೆ ಅದನ್ನೇ ಬರವಣಿಗೆ ಎಂದು ನಾವು ನಂಬಿಬಿಟ್ಟಿದ್ದೇವೆ. ಇನ್ನೊಬ್ಬರ ವಾಕ್ಯವನ್ನು ನೂರು ಸಲ ಬರೆದ ಕೈ ತನ್ನದೊಂದು ವಾಕ್ಯ ಬರೆಯಲು ಕೂತಾಗ ನಡುಗುತ್ತದೆ.

ಸ್ವಂತ ವಾಕ್ಯಕ್ಕೆ ಓದುವವರೊಬ್ಬರು ಬೇಕು, ಇಲ್ಲವೆ ಅದರಿಂದ ಒಂದು ಕೆಲಸ ಆಗಬೇಕು. ಸಂತೆಯ ದಿನ ದಿನಸಿ ಚೀಟಿಯನ್ನು ಮಗು ಎರಡು ಸಾಲಿನಲ್ಲಿ ಬರೆಯಲಿ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ತೊಗರಿಬೇಳೆಗೆ ಏನನ್ನುತ್ತಾರೆ ಎಂದು ಪೊಟ್ಟಣದ ಮೇಲೆ ಹುಡುಕಲಿ. ಅಜ್ಜಿ ಅಕ್ಕಿರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂತು ಮಾಡುವ ಕ್ರಮ ಬರೆಯಲಿ. ಕಲಸು, ತಟ್ಟು, ಬೇಯಿಸು, ಮಗುಚು. ಅಜ್ಜಿಯ ಒಂದೊಂದು ಕೈಚಳಕಕ್ಕೂ ಇಂಗ್ಲಿಷಿನ ಒಂದೊಂದು ಕ್ರಿಯಾಪದ. ಬರೆದದ್ದನ್ನು ನೋಡಿಕೊಂಡು ಬೆಂಗಳೂರಿನ ಚಿಕ್ಕಮ್ಮ ರೊಟ್ಟಿ ಮಾಡಿ ‘ಬಂತು ಕಣೋ’ ಅಂದರೆ ಅದಕ್ಕಿಂತ ದೊಡ್ಡ ಮಾರ್ಕು ಯಾವ ಪರೀಕ್ಷೆಯಲ್ಲೂ ಸಿಗದು.

ದಿನಚರಿಗೆ ಎರಡೇ ಸಾಲು ಸಾಕು. ಮೊದಲು ಕನ್ನಡದಲ್ಲಿ: ‘ಇವತ್ತು ಮಳೆ. ಬೆಕ್ಕು ಹಾಲು ಕುಡಿಯಿತು, ಅಜ್ಜಿಗೆ ಸಿಟ್ಟು ಬಂತು.’ ಕೆಳಗೆ ಇಂಗ್ಲಿಷಿನಲ್ಲಿ ಬಂದಷ್ಟು: ‘ರೇನ್ ಟುಡೇ. ಕ್ಯಾಟ್ ಡ್ರ್ಯಾಂಕ್ ಮಿಲ್ಕ್. ಅಜ್ಜಿ ಆ್ಯಂಗ್ರಿ.’ ಇಷ್ಟಾದರೂ ಇದು ಮಗುವಿನ ಸ್ವಂತ ಇಂಗ್ಲಿಷ್. ನಾವು ಒಪ್ಪಿಸಿದ ‘ದಿ ಕೌ’ ಪ್ರಬಂಧದ ಹತ್ತು ಪುಟಕ್ಕಿಂತ ಈ ಮೂರು ವಾಕ್ಯ ದೊಡ್ಡದು.

ಇಲ್ಲಿ ಕನ್ನಡದ ಜಾಡು ಕಾಣುತ್ತದೆ, ಕಾಣಲಿ. ‘ಅಪ್ಪ ಸಂತೆಗೆ ಹೋದರು’ ಎನ್ನುವ ಮಗು ‘ಫಾದರ್ ಸಂತೆ ವೆಂಟ್’ ಎಂದೇ ಬರೆಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಯಲ್ಲಿ ಬಂದು ಕೂರುತ್ತದೆ, ‘ಗೆ’ ಎಂಬ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವಿಗೆ ಬರಬೇಕು, ‘ಟು’ ಪದಕ್ಕೆ ಮುಂಚೆ ನಿಲ್ಲಬೇಕು. ನಾಲ್ಕು ಚೀಟಿಯಲ್ಲಿ ಪದ ಬರೆದು ನೆಲದ ಮೇಲೆ ಸರಿಸಿ ತೋರಿಸಿ. ಕನ್ನಡದ ಸಾಲು ಮೇಲೆ, ಇಂಗ್ಲಿಷಿನದು ಕೆಳಗೆ. ಚೀಟಿಗಳು ಜಾಗ ಬದಲಿಸುವುದನ್ನು ಕಣ್ಣಾರೆ ಕಂಡ ಮಗುವಿಗೆ ವ್ಯಾಕರಣದ ಹೆಸರುಗಳು ಆಮೇಲೆ ಯಾವಾಗಲಾದರೂ ಬಂದಾವು.

ಮತ್ತೆ ಕೆಂಪು ಪೆನ್ನು. ಹತ್ತು ತಪ್ಪಿದ್ದರೆ ಹತ್ತಕ್ಕೂ ಗೀಟು ಹಾಕುವವರು ಮಗುವಿನ ಮುಂದಿನ ವಾಕ್ಯವನ್ನೇ ಕೊಲ್ಲುತ್ತಾರೆ. ದಿನಕ್ಕೆ ಒಂದು ತಪ್ಪು, ಒಂದೇ. ಉಳಿದ ಒಂಬತ್ತು ನಾಳೆಗಿರಲಿ.

ದೊಡ್ಡ ಮಕ್ಕಳಿಗೆ ಒಂದು ಹಳೆಯ ಉಪಾಯ. ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್‌ಗೆ ಪಾಠ ಹೇಳಿದ ರೋಜರ್ ಆಸ್ಕಮ್, 1570ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟಿನ್ ಕಲಿಸಲು ಹೇಳಿದ್ದು ಎರಡು ಸಲದ ಅನುವಾದ. ಲ್ಯಾಟಿನ್ನಿನ ತುಣುಕನ್ನು ಇಂಗ್ಲಿಷಿಗೆ ತಂದು, ಪುಸ್ತಕ ಮುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಲ್ಯಾಟಿನ್ನಿಗೆ ತಿರುಗಿಸಿ, ಮೂಲದೊಡನೆ ಹೋಲಿಸುವುದು. ಇಂಗ್ಲಿಷರು ತಮಗೆ ಬಾರದ ಭಾಷೆಯನ್ನು ತಮ್ಮ ಮಾತಿನ ಊರುಗೋಲು ಹಿಡಿದೇ ಕಲಿತರು. ನಮ್ಮ ಹೈಸ್ಕೂಲು ಮಕ್ಕಳು ಇಂಗ್ಲಿಷ್ ಪಾಠದ ಐದು ಸಾಲಿಗೆ ಇದನ್ನು ಮಾಡಿ ನೋಡಲಿ. ತಮ್ಮ ವಾಕ್ಯಕ್ಕೂ ಪುಸ್ತಕದ ವಾಕ್ಯಕ್ಕೂ ಇರುವ ಅಂತರವನ್ನು ಅವರೇ ಕಂಡುಹಿಡಿಯುತ್ತಾರೆ. ಟ್ಯೂಷನ್ ಮೇಷ್ಟ್ರು ಬೇಕಾಗುವುದಿಲ್ಲ.

ಫೇಲಾದ ಹುಡುಗನ ಒಂದು ವರ್ಷ

ಮನೆಯ ಓದಿನಿಂದ ಇಂಗ್ಲಿಷ್ ಎಲ್ಲಿಯವರೆಗೆ ಹೋಗಬಹುದು? ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯನ್ನು ಕೇಳಬೇಕು. ಇಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ ಹುಡುಗನೊಬ್ಬ ಒಂದು ವರ್ಷ ಮನೆಯಲ್ಲೇ ಉಳಿದ. ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ತರು. ಶಾಲೆಯ ಗ್ರಂಥಾಲಯ ಮಗನಿಗೆ ತೆರೆದಿತ್ತು. ಹುಡುಗ ಕಾದಂಬರಿ, ನಾಟಕ, ವಿದೇಶದ ಪತ್ರಿಕೆ ಎಲ್ಲ ಓದಿದ. ಕೆರೆಯ ಬಳಿ ಅಲೆದ. ಬರೆದ, ಮತ್ತೆ ಬರೆದ.

1926ರಲ್ಲಿ ಪರೀಕ್ಷೆ ಪಾಸಾಯಿತು. 1935ರಲ್ಲಿ ಲಂಡನ್ನಿನಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು. ಆ ಹುಡುಗ ಆರ್.ಕೆ. ನಾರಾಯಣ್. ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ದಸರಾಕ್ಕೆ ಮಕ್ಕಳನ್ನು ಅರಮನೆಗೆ ಕರೆದೊಯ್ಯುವವರು ಅಲ್ಲಿಗೂ ಒಂದು ಗಳಿಗೆ ಹೋಗಿ ಬರಬೇಕು. ಫೇಲಾದ ವರ್ಷ ವ್ಯರ್ಥವಾಗದ್ದಕ್ಕೆ ಕಾರಣ ತೆರೆದಿದ್ದ ಆ ಗ್ರಂಥಾಲಯ. ಮಗನನ್ನು ಓದಲು ಬಿಟ್ಟ ಮನೆಯೂ ಅಷ್ಟೇ ಕಾರಣ.

ಬಾಕ್ಸ್ | ಕುವೆಂಪು ಅವರ ಮೊದಲ ಪುಸ್ತಕ

1922ರಲ್ಲಿ ಪ್ರಕಟವಾದ ಕುವೆಂಪು ಅವರ ಮೊದಲ ಕವನ ಸಂಕಲನ ‘ಬಿಗಿನರ್ಸ್ ಮ್ಯೂಸ್’ ಇಂಗ್ಲಿಷಿನದು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಹುಡುಗನ ಇಂಗ್ಲಿಷ್ ಅಷ್ಟು ಬೆಳೆದಿತ್ತು. ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಅವರಿಗೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಇತ್ತ ಮೈಸೂರಿನಲ್ಲಿ ಇಂಗ್ಲಿಷ್ ಪ್ರೊಫೆಸರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಎರಡು ಭಾಷೆಗಳ ನಡುವೆ ಓಡಾಡುವುದು ಮೈಸೂರಿಗೆ ಹೊಸದಲ್ಲ.

ಗಾಡಿಗೊಂದು ಬೋರ್ಡು

ಅದೇ ರಜೆಯ ಕೊನೆಗೆ ಇನ್ನೊಮ್ಮೆ ಕೊಪ್ಪದ ಮೇಲೆ ಹೋಗಬೇಕಾಯಿತು. ಜೋಳದ ಗಾಡಿಯ ಹತ್ತಿರ ನಿಲ್ಲಿಸಿದೆ. ಹುಡುಗಿ ಕ್ರೇಟಿನ ಮೇಲೆ ಇರಲಿಲ್ಲ. ಅದರ ಮುಂದೆ ನೆಲದ ಮೇಲೆ ಕೂತು, ಬಿಚ್ಚಿ ಹರಡಿದ ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ಏನೋ ಬರೆಯುತ್ತಿದ್ದಳು. ಬಂದವರೆಲ್ಲ ಕಾರಿನಿಂದಲೇ ‘ಹೌ ಮಚ್’ ಎಂದು ಕೂಗಿ ಹೋಗುತ್ತಾರಂತೆ. ಗಾಡಿಗೆ ಬೋರ್ಡು ಬೇಕಿತ್ತು.

ಮೇಲೆ ಕನ್ನಡದಲ್ಲಿ ‘ಸುಟ್ಟ ಜೋಳ’. ಕೆಳಗೆ ಇಂಗ್ಲಿಷಿನಲ್ಲಿ ‘ಹಾಟ್ ಕಾರ್ನ್’.

‘ಏನಂತ ಬರ್ದಿದ್ದೀ ಮಗಾ?’

‘ಬಿಸಿ ಜೋಳ ಅಂತ.’

‘ಮೇಲ್ಗಡೆ ಸುಟ್ಟ ಅಂತೀಯಾ, ಕೆಳಗಡೆ ಬಿಸಿ ಅಂತೀಯಾ?’

‘ಸುಟ್ಟಿದ್ದಕ್ಕೆ ಏನಂತಾರೋ ಗೊತ್ತಿಲ್ವಲ್ಲಮ್ಮ. ಬಿಸಿ ಅಂದ್ರೂ ಬರ್ತಾರೆ ಬಿಡು.’

ತಾಯಿ ಒಂದು ಕ್ಷಣ ಯೋಚಿಸಿದರು. ‘ಉಪ್ಪು, ಖಾರ, ನಿಂಬೆಹಣ್ಣು ಹಾಕ್ತೀವಿ ಅಂತ ಬರೀಲೇ ಇಲ್ವಲ್ಲ. ಅದ್ಕೇ ಅಲ್ವಾ ನಮ್ ಗಾಡಿ ಹತ್ರ ನಿಲ್ಲೋದು?’

‘ಸಾಲ್ಟ್’ ಬಂತು. ‘ಚಿಲ್ಲಿ’ಯಲ್ಲಿ ಎಲ್ ಒಂದೋ ಎರಡೋ ಎಂದು ತಡೆದು ಎರಡು ಹಾಕಿದಳು. ನಿಂಬೆಹಣ್ಣಿಗೆ ಬಂದಾಗ ಕೈ ನಿಂತಿತು. ನನ್ನ ಮುಖ ನೋಡಿದಳು. ನಾನು ಹೇಳಬೇಕೆನ್ನುವಷ್ಟರಲ್ಲಿ ಅವಳೇ ಎದ್ದು, ರಸ್ತೆಯಂಚಿನಲ್ಲಿ ಯಾರೋ ಪ್ರವಾಸಿಗರು ಕುಡಿದು ಎಸೆದಿದ್ದ ನಿಂಬೆ ಪಾನೀಯದ ಬಾಟಲಿಯನ್ನು ಎತ್ತಿಕೊಂಡು ಬಂದಳು. ಲೇಬಲ್ಲಿನ ಮಣ್ಣನ್ನು ಲಂಗದಿಂದ ಒರೆಸಿ ಮೊಣಕಾಲಿಗೆ ಒರಗಿಸಿಟ್ಟು, ಒಂದೊಂದೇ ಅಕ್ಷರ ನೋಡಿ ರಟ್ಟಿನ ಮೇಲೆ ಇಳಿಸತೊಡಗಿದಳು.